ಮನೆ ಬಾಡಿಗೆಗಿದೆ, ಯಾರಿಗೆ?

ಬೆಂಗಳೂರು ಎಲ್ಲರ ಊರು ಅಂತಾರೆ. ತಮಿಳರು, ತೆಲುಗರು, ಮಲಯಾಳಿಗಳು, ಮಾರ್ವಾಡಿಗಳು, ಬಿಹಾರದ ಕೂಲಿಗಳು, ಮಣಿಪುರದ ಹುಡುಗಿಯರು, ಆಫ್ರಿಕಾದಿಂದ ಓದೋಕೆ ಬಂದವರು, ಎಲ್ಲರೂ ಇಲ್ಲಿದ್ದಾರೆ. ಒಂದೇ ಬಸ್ಸಿನಲ್ಲಿ ಹತ್ತು ಭಾಷೆ ಕೇಳುತ್ತೆ. ಇದು ಸುಳ್ಳಲ್ಲ, ನಾವೂ ಒಪ್ಪುತ್ತೇವೆ. ಆದರೆ ಬಸ್ಸಿಳಿದ ಮೇಲೆ ರಾತ್ರಿ ಎಲ್ಲಿ ಮಲಗೋದು ಅನ್ನೋ ಪ್ರಶ್ನೆ ಬಂದ ಕೂಡಲೇ ಈ ಮಹಾನಗರ ನಮ್ಮ ಹಳ್ಳಿಯೇ ಆಗಿಬಿಡುತ್ತೆ. ಊರು ಒಂದು ಕಡೆ, ಕೇರಿ ಒಂದು ಕಡೆ.

ಕಾಲೇಜು ಶುರುವಾಗೋ ತಿಂಗಳಲ್ಲಿ ನಮ್ಮ ಹುಡುಗರು ರೂಮು ಹುಡುಕೋದನ್ನ ನೋಡಿದ್ದೀರಾ? ಗೇಟಿಗೆ ‘ಟು ಲೆಟ್’ ಬೋರ್ಡು ನೇತಾಡ್ತಿರುತ್ತೆ. ಬೆಲ್ಲು ಒತ್ತಿದರೆ ಯಜಮಾನರು ಬರ್ತಾರೆ. ಬಾಡಿಗೆ ಎಷ್ಟು ಅನ್ನೋದು ಮೊದಲ ಮಾತಲ್ಲ. ‘ಯಾವೂರು?’ ಅಂತಾರೆ. ಹೇಳಿದರೆ ‘ತಂದೆ ಏನ್ ಮಾಡ್ತಾರೆ?’ ಅಂತಾರೆ. ‘ಜಮೀನು ಎಷ್ಟಿದೆ?’ ಅಂತಾರೆ. ಆಮೇಲೆ ‘ಮನೆದೇವರು ಯಾವುದು?’ ಅಷ್ಟಕ್ಕೂ ಗೊತ್ತಾಗದಿದ್ದರೆ ‘ನಾನ್‌ವೆಜ್ ತಿಂತೀರಾ?’ ಕೊನೆಗೆ ತಡೆಯೋಕಾಗದೆ ‘ತಪ್ಪು ತಿಳ್ಕೋಬೇಡಿ, ನೀವು ಯಾವ ಜನ?’ ತಪ್ಪು ತಿಳ್ಕೋಬೇಡಿ ಅನ್ನೋ ಮಾತು ಕಿವಿಗೆ ಬಿದ್ದ ಕೂಡಲೇ ನಮ್ಮ ಹುಡುಗ ಚಪ್ಪಲಿ ಮೆಟ್ಟಿಕೊಳ್ಳೋಕೆ ಶುರು ಮಾಡ್ತಾನೆ. ಮುಂದಿನದು ಅವನಿಗೆ ಬಾಯಿಪಾಠ. ‘ನಮ್ಮ ಸಂಬಂಧಿಕರೊಬ್ಬರು ಕೇಳಿದ್ದಾರೆ, ಅವರನ್ನ ವಿಚಾರಿಸಿ ಹೇಳ್ತೀವಿ.’ ತಿಂಗಳು ಕಳೆದರೂ ಬೋರ್ಡು ಅಲ್ಲೇ ನೇತಾಡ್ತಿರುತ್ತೆ. ಆ ಸಂಬಂಧಿಕರು ಬರೋದೇ ಇಲ್ಲ.

ಈಗ ಯಾರೂ ‘ಹೊಲೆಯರಿಗೆ ಮಾದಿಗರಿಗೆ ಕೊಡಲ್ಲ’ ಅಂತ ಬೋರ್ಡು ಬರೆಸಲ್ಲ. ಕಾನೂನಿನ ಭಯ ಅಷ್ಟಾದರೂ ಇದೆ. ಅದರ ಬದಲು ‘ಸಸ್ಯಾಹಾರಿಗಳಿಗೆ ಮಾತ್ರ’ ಅಂತ ಬರೆಸ್ತಾರೆ. ಕೇಂದ್ರ ಸರ್ಕಾರದ್ದೇ 2014ರ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಜನ ಮಾಂಸ ತಿನ್ನೋರು. ಹಾಗಾದರೆ ಈ ಬೋರ್ಡು ಯಾರನ್ನ ನೋಡಿ ಬರೆಸಿದ್ದು? ದೊಡ್ಡ ಕಂಪನಿಯಲ್ಲಿದ್ದು ಭಾನುವಾರ ಬಿರಿಯಾನಿ ತರಿಸಿ ತಿನ್ನೋ ಮೇಲ್ಜಾತಿ ಬಾಡಿಗೆದಾರನ ಬಾಗಿಲಿಗೆ ಈ ಮೂಗು ಯಾವತ್ತೂ ಹೋಗಲ್ಲ. ಮೂಗಿಗೆ ಬಡಿಯೋದು ಜಾತಿ, ಬಾಯಲ್ಲಿ ಬರೋದು ಸಾರಿನ ಮಾತು.

ಇದು ನಿಮ್ಮ ಹೊಟ್ಟೆಯುರಿ ಅನ್ನೋ ಬುದ್ಧಿವಂತರಿಗೆ ಒಂದು ಲೆಕ್ಕ ಕೊಡ್ತೀವಿ. ಪ್ರೊಫೆಸರ್ ಸುಖದೇವ್ ಥೋರಟ್ ಮತ್ತು ಸಂಗಡಿಗರು ದೆಹಲಿ ಸುತ್ತಮುತ್ತ ಒಂದು ಪರೀಕ್ಷೆ ಮಾಡಿದರು. 2015ರಲ್ಲಿ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಅದು ಅಚ್ಚಾಯಿತು. ಬಾಡಿಗೆಗೆ ಮನೆ ಇದೆ ಅಂದವರಿಗೆ ಫೋನು ಮಾಡಿಸಿದರು. ಕೇಳುವವರ ಹೆಸರು ಮಾತ್ರ ಬೇರೆ ಬೇರೆ: ಒಂದು ಮೇಲ್ಜಾತಿಯದು, ಒಂದು ದಲಿತರದು, ಒಂದು ಮುಸ್ಲಿಮರದು. ಮೇಲ್ಜಾತಿ ಹೆಸರಿಗೆ ಎಲ್ಲ ಕಡೆಯೂ ‘ಬನ್ನಿ, ನೋಡಿ’. ದಲಿತ ಹೆಸರಿಗೆ ನೂರಕ್ಕೆ ಸುಮಾರು 18 ಕಡೆ ಫೋನಿನಲ್ಲೇ ಇಲ್ಲ. ಮುಸ್ಲಿಮ್ ಹೆಸರಿಗೆ ನೂರಕ್ಕೆ ಸುಮಾರು 31 ಕಡೆ ಇಲ್ಲ. ಕೊಡ್ತೀವಿ ಅಂದವರಲ್ಲೂ ಎಷ್ಟೋ ಜನ ಅದೂ ಇದೂ ಷರತ್ತು ಹಾಕಿದರು. ಇದೆಲ್ಲಾ ಬರೀ ಹೆಸರು ಕೇಳಿ ಆದದ್ದು, ಮುಖ ನೋಡೋ ಮೊದಲೇ. ನಮ್ಮೂರಿನ ಯಜಮಾನರು ಮನೆದೇವರವರೆಗೂ ಹೋಗ್ತಾರಲ್ಲ, ಇವರನ್ನ ಪರೀಕ್ಷೆ ಮಾಡಿದರೆ ಎಷ್ಟು ಬರುತ್ತೋ.

ಜಾತಿಯ ಗೇಟು ದಾಟಿದವನಿಗೆ ದುಡ್ಡಿನ ಗೇಟು. ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಕೇಳೋದು ಬೆಂಗಳೂರಿನ ಹಳೇ ರೂಢಿ. ಈಗ ಐದಾರು ತಿಂಗಳಿಗೆ ಒಪ್ಪೋರೂ ಇದ್ದಾರೆ. ಹತ್ತು ಸಾವಿರದ ರೂಮಿಗೆ ಹತ್ತು ತಿಂಗಳು ಅಂದರೆ ಒಂದು ಲಕ್ಷ. ಕೂಲಿ ಮಾಡೋ ಅಪ್ಪ ಒಂದು ಲಕ್ಷವನ್ನ ಒಟ್ಟಿಗೆ ಎಲ್ಲಿಂದ ತರಬೇಕು? 2021ರಲ್ಲಿ ಕೇಂದ್ರ ಸರ್ಕಾರ ಮಾದರಿ ಬಾಡಿಗೆ ಕಾಯ್ದೆ ತಂದು, ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಠೇವಣಿ ಬೇಡ ಅಂತು. ಆದರೆ ಅದು ಮಾದರಿ. ರಾಜ್ಯಗಳು ಒಪ್ಪಿ ಕಾನೂನು ಮಾಡಿಕೊಂಡರೆ ಉಂಟು, ಇಲ್ಲದಿದ್ದರೆ ಕಾಗದ. ಇನ್ನು ಸ್ಕಾಲರ್‌ಶಿಪ್ಪಿನ ಕಥೆ ಕೇಳಿ. ಕೇಂದ್ರದ 2021ರ ಮಾರ್ಗಸೂಚಿಯಲ್ಲಿ, ಹಾಸ್ಟೆಲಿನ ಹೊರಗಿದ್ದುಕೊಂಡು ಸಾಮಾನ್ಯ ಡಿಗ್ರಿ ಓದೋ ಪರಿಶಿಷ್ಟ ಜಾತಿ ವಿದ್ಯಾರ್ಥಿಗೆ ಫೀಸು ಬಿಟ್ಟು ಕೈಗೆ ಬರೋ ಭತ್ಯೆ ವರ್ಷಕ್ಕೆ 3000 ರೂಪಾಯಿ. ತಿಂಗಳಿಗೆ 250. ಈ 250ರಲ್ಲಿ ಬೆಂಗಳೂರಿನ ಪಿಜಿಯಲ್ಲಿ ಒಂದು ಹಗಲು ಒಂದು ರಾತ್ರಿ ಕಳೆಯಬಹುದು. ಉಳಿದ 29 ದಿನ ಎಲ್ಲಿರಬೇಕು ಅಂತ ಮಾರ್ಗಸೂಚಿ ಬರೆದ ಸಾಹೇಬರೇ ಹೇಳಬೇಕು.

ಬಾಬಾಸಾಹೇಬರಿಗೂ ಇದೇ ಆಯಿತು. ನ್ಯೂಯಾರ್ಕಿನಲ್ಲಿ ಓದುವಾಗ ಅವರು ಕೊಲಂಬಿಯಾ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ನವಲ್ ಭಾಥೇನಾ ಅನ್ನೋ ಪಾರ್ಸಿ ಗೆಳೆಯನ ಜೊತೆ ಇದ್ದವರು. ಅಲ್ಲಿ ಯಾರೂ ಮನೆದೇವರು ಕೇಳಲಿಲ್ಲ. 1917ರಲ್ಲಿ ಬರೋಡಾ ಮಹಾರಾಜರ ಸಂಸ್ಥಾನದ ಕೆಲಸಕ್ಕೆ ಬಂದರು. ಇಡೀ ಊರಲ್ಲಿ ಮಹಾರಾಜರ ಅಧಿಕಾರಿಗೆ ಒಂದು ರೂಮು ಸಿಗಲಿಲ್ಲ. ಪಾರ್ಸಿಗಳ ಛತ್ರಕ್ಕೆ ಹೋದರೆ ಪಾರ್ಸಿಗಳಿಗೆ ಮಾತ್ರ ಅಂದರು. ಛತ್ರದವನಿಗೆ ದುಡ್ಡಿನ ಆಸೆ. ಪಾರ್ಸಿ ಹೆಸರು ಬರೆಸಿದರೆ ದಿನಕ್ಕೆ ಒಂದೂವರೆ ರೂಪಾಯಿಗೆ ಇರಬಹುದು ಅಂದ. ಬರೆಸಿದರು. ಹನ್ನೊಂದನೇ ದಿನ ಬೆಳಗ್ಗೆ ಹತ್ತು ಹನ್ನೆರಡು ಜನ ಪಾರ್ಸಿಗಳು ದೊಣ್ಣೆ ಹಿಡಿದು ಬಂದು ನಿಂತರು, ಸಂಜೆಯೊಳಗೆ ಖಾಲಿ ಮಾಡು ಅಂತ. ಒಬ್ಬ ಹಿಂದೂ ಗೆಳೆಯನನ್ನ ಕೇಳಿದರು. ನೀನು ಬಂದರೆ ನಮ್ಮ ಆಳುಗಳು ಬಿಟ್ಟು ಹೋಗ್ತಾರೆ ಅಂದ. ಒಬ್ಬ ಕ್ರೈಸ್ತ ಗೆಳೆಯನನ್ನ ಕೇಳಿದರು. ಹೆಂಡತಿಯನ್ನ ಕೇಳಿ ಹೇಳಬೇಕು ಅಂದ. ಕಾಮಾಠಿ ಬಾಗ್ ತೋಟದಲ್ಲಿ ಕೂತು ಹೊತ್ತು ಕಳೆದು ರಾತ್ರಿ ರೈಲಿಗೆ ಮುಂಬಯಿಗೆ ವಾಪಸ್ಸು ಹೋದರು. ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಅವರೇ ಬರೆದಿದ್ದಾರೆ, ಓದದವರು ಓದಿ. ಅಲ್ಲೊಂದು ವಿಷಯ ಗಮನಿಸಿ. ನ್ಯೂಯಾರ್ಕಿನಲ್ಲಿ ಜೊತೆಗಿದ್ದವನೂ ಪಾರ್ಸಿ, ಬರೋಡಾದಲ್ಲಿ ದೊಣ್ಣೆ ತಂದವರೂ ಪಾರ್ಸಿಗಳು. ಸವರ್ಣೀಯ ಊರಿನ ಗಾಳಿ ಕುಡಿದರೆ ಬೇರೆ ಧರ್ಮದವರಿಗೂ ಈ ರೋಗ ಹತ್ತುತ್ತೆ.

ಬಾಬಾಸಾಹೇಬರೇ ಹೆಸರು ಬದಲಿಸಿ ರೂಮು ಪಡೆಯಬೇಕಾಯಿತು. ಹಾಗಿರುವಾಗ ಇವತ್ತು ಬೆಂಗಳೂರಿನ ಗಲ್ಲಿಯಲ್ಲಿ ‘ನಾವು ಗೌಡ್ರು’ ಅಂತಲೋ ‘ಲಿಂಗಾಯಿತರು’ ಅಂತಲೋ ಹೇಳಿ ಒಂದು ರೂಮು ಹಿಡಿದ ಹುಡುಗನನ್ನ ನಾವು ಹಂಗಿಸೋಲ್ಲ. ಚಳುವಳಿಯ ವೇದಿಕೆ ಮೇಲೆ ನಿಂತು ‘ಅವನು ಸ್ವಾಭಿಮಾನ ಮಾರಿಕೊಂಡ’ ಅಂತ ಭಾಷಣ ಹೊಡೆಯೋ ನಾಯಕರಿಗೆ ಸ್ವಂತ ಮನೆ ಇರುತ್ತೆ. ಪರೀಕ್ಷೆ ಎದುರಿಗಿರೋ ಹುಡುಗನಿಗೆ ಬೇಕಾದದ್ದು ಒಂದು ಚಾಪೆ, ಒಂದು ಲೈಟು.

ಆದರೆ ಆ ಸುಳ್ಳಿನ ಬಾಡಿಗೆಯನ್ನೂ ಪ್ರತಿ ತಿಂಗಳು ಕಟ್ಟಬೇಕು. ಬಾಬಾಸಾಹೇಬರ ಫೋಟೋ ಗೋಡೆ ಮೇಲೆ ಬರಲ್ಲ, ಸೂಟ್‌ಕೇಸಿನ ತಳದಲ್ಲಿರುತ್ತೆ. ಊರಿಂದ ಅಪ್ಪ ಬಂದರೆ ಮನೆಯವರ ಕಣ್ಣಿಗೆ ಬೀಳದ ಹಾಗೆ ಬಸ್‌ಸ್ಟಾಂಡಿನಲ್ಲೇ ಮಾತಾಡಿ ಕಳಿಸಬೇಕು. ಸ್ಕಾಲರ್‌ಶಿಪ್ಪಿನ ಕಾಗದ ರೂಮಿನ ವಿಳಾಸಕ್ಕೆ ಬರಬಾರದು. ಏಪ್ರಿಲ್ 14ಕ್ಕೆ ನೀಲಿ ಶಾಲು ಹಾಕ್ಕೊಂಡು ಬೀದಿಗೆ ಬರೋಕೆ ಹೆದರಿಕೆ. ಓದೋಕೆ ಅಂತ ಬಂದವನ ಅರ್ಧ ಬುದ್ಧಿ ಬಚ್ಚಿಡೋದರಲ್ಲೇ ಖರ್ಚಾಗುತ್ತೆ. ಮುಂದಿನ ಬೆಂಚಿನಲ್ಲಿ ಕೂತ ಮೇಲ್ಜಾತಿ ಹುಡುಗನ ತಲೆ ಮೇಲೆ ಈ ಹೊರೆ ಇಲ್ಲ. ಆಮೇಲೆ ಇಬ್ಬರ ಮಾರ್ಕ್ಸು ಪಕ್ಕ ಪಕ್ಕ ಇಟ್ಟು ‘ಮೆರಿಟ್’ ಅಂತಾರೆ.

ಕಾನೂನು ಏನು ಹೇಳುತ್ತೆ? ನಮ್ಮ ಎಷ್ಟೋ ಹುಡುಗರಿಗೆ ಇದು ಗೊತ್ತಿಲ್ಲ, ಅದಕ್ಕೇ ಬರೀತಿದ್ದೀವಿ. 1955ರ ಕಾಯ್ದೆ, 1976ರಲ್ಲಿ ತಿದ್ದಿ ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆ ಅಂತ ಹೆಸರು ಬದಲಾದದ್ದು. ಅದರ 4ನೇ ಸೆಕ್ಷನ್ ಪ್ರಕಾರ, ಯಾವುದೇ ಬಡಾವಣೆಯಲ್ಲಿ ವಾಸದ ಮನೆ ಕಟ್ಟೋಕೆ, ಪಡೆಯೋಕೆ, ಅದರಲ್ಲಿ ವಾಸ ಮಾಡೋಕೆ ಅಸ್ಪೃಶ್ಯತೆಯ ಕಾರಣಕ್ಕೆ ಅಡ್ಡಿ ಮಾಡೋದು ಅಪರಾಧ. 5ನೇ ಸೆಕ್ಷನ್ ಸಾರ್ವಜನಿಕರಿಗಾಗಿ ಇರೋ ಹಾಸ್ಟೆಲುಗಳ ವಿಷಯಕ್ಕೆ ಇದೇ ಮಾತು ಹೇಳುತ್ತೆ. 12ನೇ ಸೆಕ್ಷನ್ ಇನ್ನೂ ಮುಖ್ಯ. ಇಂಥ ಅಪರಾಧ ಪರಿಶಿಷ್ಟ ಜಾತಿಯವರ ಮೇಲೆ ನಡೆದಿದ್ದರೆ ಅದು ಅಸ್ಪೃಶ್ಯತೆಯ ಕಾರಣಕ್ಕೇ ನಡೆದದ್ದು ಅಂತ ಕೋರ್ಟು ಭಾವಿಸಬೇಕು. ಅಲ್ಲ ಅಂತ ತೋರಿಸೋ ಹೊಣೆ ಆರೋಪಿಯದು. ಶಿಕ್ಷೆ ಒಂದರಿಂದ ಆರು ತಿಂಗಳ ಜೈಲು, 100ರಿಂದ 500 ರೂಪಾಯಿ ದಂಡ. 500 ರೂಪಾಯಿ ಅಂದರೆ ಪಿಜಿಯ ಎರಡು ದಿನದ ಖರ್ಚು, ಅದಿರಲಿ. ಕಾನೂನು ಇದೆ. ದೂರು ಕೊಡೋರು ಕಮ್ಮಿ. ಬೇರೆ ಊರಿನಿಂದ ಬಂದ ಹತ್ತೊಂಬತ್ತು ವರ್ಷದ ಹುಡುಗ ಒಬ್ಬನೇ ಠಾಣೆಗೆ ಹೋಗಿ, ‘ಸಾರ್, ಮನೆ ಕೊಡಲಿಲ್ಲ’ ಅಂದರೆ ಅಲ್ಲಿಯ ರೈಟರ್ ಪೆನ್ನು ಎತ್ತಲ್ಲ. ಇನ್ನೊಂದು ಕಡೆ ಸುಪ್ರೀಂ ಕೋರ್ಟು 2005ರಲ್ಲಿ ಅಹಮದಾಬಾದಿನ ಪಾರ್ಸಿಗಳ ಗೃಹ ನಿರ್ಮಾಣ ಸಹಕಾರ ಸಂಘದ ಕೇಸಿನಲ್ಲಿ, ಸಂಘವು ಸದಸ್ಯತ್ವವನ್ನ ತಮ್ಮವರಿಗೇ ಮೀಸಲಿಟ್ಟುಕೊಳ್ಳೋ ಬೈಲಾ ತಪ್ಪಲ್ಲ ಅಂತು. ನಮಗೆ ಮೀಸಲಾತಿ ಅಂದರೆ ಉರಿದು ಬೀಳೋರು ಈ ಮೀಸಲಾತಿಯ ಬಗ್ಗೆ ಒಂದು ಸಾಲು ಬರೆದದ್ದು ನಾವು ಕಂಡಿಲ್ಲ.

ಹಾಗಾಗಿ ಮಾತು ಮತ್ತೆ ಹಾಸ್ಟೆಲಿಗೇ ಬರುತ್ತೆ. ಹಳ್ಳಿ ಮಕ್ಕಳು ಪಟ್ಟಣದಲ್ಲಿ ಓದಬೇಕಾದರೆ ಮೊದಲು ಇರೋಕೆ ಜಾಗ ಬೇಕು ಅನ್ನೋದನ್ನ ಕೊಲ್ಲಾಪುರದ ಶಾಹೂ ಮಹಾರಾಜರು ಕಂಡುಕೊಂಡಿದ್ದರು. 1901ರಲ್ಲಿ ಮರಾಠಾ ಹುಡುಗರ ಬೋರ್ಡಿಂಗ್ ಶುರುವಾಯಿತು. 1908ರಲ್ಲಿ ಅಸ್ಪೃಶ್ಯ ಹುಡುಗರಿಗೆ ಮಿಸ್ ಕ್ಲಾರ್ಕ್ ಬೋರ್ಡಿಂಗ್. ಬಾಬಾಸಾಹೇಬರ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದ ಮೊದಮೊದಲ ಕೆಲಸಗಳಲ್ಲಿ ಒಂದು 1925ರ ಸೊಲ್ಲಾಪುರದ ಹಾಸ್ಟೆಲ್. ನಮ್ಮಲ್ಲಿ ಬಲಿತ ಜಾತಿಗಳು ಆ ಕಾಲದಲ್ಲೇ ಪಟ್ಟಣದ ನಡುಮಧ್ಯೆ ಜಾಗ ಹಿಡಿದು ತಮ್ಮ ಹುಡುಗರಿಗೆ ಹಾಸ್ಟೆಲು ಕಟ್ಟಿಕೊಂಡವು. ಮಠಗಳು ಕಟ್ಟಿದವು. ತುಮಕೂರಿನ ಸಿದ್ಧಗಂಗಾ ಮಠ ಎಲ್ಲ ಜಾತಿಯ ಮಕ್ಕಳಿಗೂ ಅನ್ನ ಹಾಕಿದೆ, ಅದನ್ನ ಮರೆಯೋರು ನಾವಲ್ಲ. ಆದರೆ ಅನ್ನ ಹಾಕಿದವರ ಮುಂದೆ ಕೈಕಟ್ಟಿ ನಿಲ್ಲಬೇಕು. ಸರ್ಕಾರಿ ಹಾಸ್ಟೆಲಿನಲ್ಲಿ ಸಾರು ನೀರಾದರೆ ತಟ್ಟೆ ಬಡಿದು ಕೇಳಬಹುದು. ಈ ವ್ಯತ್ಯಾಸ ತಟ್ಟೆ ಬಡಿದವರಿಗೆ ಗೊತ್ತು.

ಸಿದ್ಧಲಿಂಗಯ್ಯನವರ ‘ಊರು ಕೇರಿ’ ಓದಿದವರಿಗೆ ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲಿನ ಹೆಸರು ಹೊಸದಲ್ಲ. ಎಪ್ಪತ್ತರ ದಶಕದಲ್ಲಿ ಚಳುವಳಿಗೆ ಕಚೇರಿ ಎಲ್ಲಿತ್ತು? ಹಾಸ್ಟೆಲಿನ ರೂಮುಗಳೇ ಕಚೇರಿ. 1973ರಲ್ಲಿ ಬಸವಲಿಂಗಪ್ಪನವರ ಬೂಸಾ ಮಾತಿಗೆ ಗಲಾಟೆ ಎದ್ದಾಗ ಏಟು ತಿಂದವರೂ ಹಾಸ್ಟೆಲಿನ ಹುಡುಗರೇ, ಎದ್ದು ನಿಂತವರೂ ಅವರೇ. ಒಬ್ಬನಿಗೆ ಸೀಟು ಸಿಕ್ಕರೆ ಇಬ್ಬರು ಮಲಗ್ತಿದ್ದರು. ಒಂದು ತಟ್ಟೆಯಲ್ಲಿ ಇಬ್ಬರು ಉಣ್ತಿದ್ದರು. ಈಗಲೂ ನಾಲ್ಕು ಜನರ ರೂಮಿನಲ್ಲಿ ಎಂಟು ಜನ ಮಲಗೋದು ನಿಂತಿಲ್ಲ. ವಾರ್ಡನ್ನರು ಇದನ್ನ ಶಿಸ್ತಿನ ಪ್ರಶ್ನೆ ಅಂತಾರೆ. ಸ್ವಾಮಿ, ಇದು ಸೀಟಿನ ಪ್ರಶ್ನೆ. ಅರ್ಜಿ ಹಾಕಿದವರಿಗೆಲ್ಲಾ ಸೀಟು ಕೊಡಿ, ನೆಲದ ಮೇಲೆ ಯಾರು ಮಲಗ್ತಾರೆ ನೋಡೋಣ. ಅರ್ಜಿಯೂ ಈಗ ಕಂಪ್ಯೂಟರಿನಲ್ಲಿ. ಜಾತಿ ಸರ್ಟಿಫಿಕೇಟು, ಆದಾಯ ಸರ್ಟಿಫಿಕೇಟು, ಆಧಾರ್ ಎಲ್ಲಾ ಹೊಂದಬೇಕು. ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚುಕಮ್ಮಿಯಾದರೆ ಸೈಬರ್ ಸೆಂಟರಿನಿಂದ ನಾಡಕಚೇರಿಗೆ, ನಾಡಕಚೇರಿಯಿಂದ ಸೈಬರ್ ಸೆಂಟರಿಗೆ. ಸೀಟಿನ ಪಟ್ಟಿ ಬರೋ ಹೊತ್ತಿಗೆ ಕಾಲೇಜು ಶುರುವಾಗಿ ಎಷ್ಟೋ ದಿನ ಆಗಿರುತ್ತೆ. ಈ ನಡುವಿನ ದಿನಗಳಲ್ಲೇ ನಮ್ಮ ಹುಡುಗರು ಟು ಲೆಟ್ ಬೋರ್ಡು ನೋಡ್ತಾ ಅಲೆಯೋದು.

ಹುಡುಗರು ಹೇಗೋ ಅಲೀತಾರೆ. ಯಾರದ್ದೋ ರೂಮಿನ ಮೂಲೆಯಲ್ಲೋ, ಊರಿನವರ ಗಾರೆ ಕೆಲಸದ ಶೆಡ್ಡಿನಲ್ಲೋ ಮಲಗ್ತಾರೆ. ಹುಡುಗಿಗೆ ಹಾಸ್ಟೆಲು ಸಿಗದಿದ್ದರೆ ಅವಳು ಊರಿಗೆ ವಾಪಸ್ಸು ಹೋಗ್ತಾಳೆ. ‘ಮುಂದಿನ ವರ್ಷ ನೋಡೋಣ ಬಿಡವ್ವ’ ಅಂತಾನೆ ಅಪ್ಪ. ಮುಂದಿನ ವರ್ಷ ಅಷ್ಟು ಹೊತ್ತಿಗೆ ಮದುವೆ ಮಾತು ಎದ್ದಿರುತ್ತೆ. ಅವಳ ಓದು ಮುಗಿದದ್ದು ಫೇಲಾಗಿ ಅಲ್ಲ, ಒಂದು ಮಂಚ ಇಲ್ಲದೆ. ಈ ಲೆಕ್ಕ ಯಾವ ಇಲಾಖೆಯ ರಿಜಿಸ್ಟರಿನಲ್ಲೂ ಬರಲ್ಲ, ಯಾಕಂದರೆ ಅವಳು ಕಾಲೇಜಿನ ಹಾಜರಿಗೇ ಸೇರಲಿಲ್ಲ. 2023ರ ಜೂನ್‌ನಲ್ಲಿ ಸರ್ಕಾರ ಹೆಣ್ಣುಮಕ್ಕಳಿಗೆ ಬಸ್ಸು ಉಚಿತ ಮಾಡಿತು, ಒಳ್ಳೇ ಕೆಲಸ. ದಿನಾ ಬೆಳಗ್ಗೆ ಮೂರು ಗಂಟೆ ಬಸ್ಸಿನಲ್ಲಿ ಬಂದು ಸಂಜೆ ಮೂರು ಗಂಟೆ ವಾಪಸ್ಸು ಹೋಗೋ ಹುಡುಗಿಗೆ ಟಿಕೆಟ್ಟಿನ ದುಡ್ಡು ಉಳಿಯುತ್ತೆ. ಓದೋ ಹೊತ್ತು ಎಲ್ಲಿ ಉಳಿಯುತ್ತೆ? ನಮ್ಮ ಸಂಘಟನೆಗಳು ಹಾಸ್ಟೆಲ್ ಬೇಡಿಕೆ ಬರೆಯುವಾಗ ಹೆಣ್ಣುಮಕ್ಕಳ ಹಾಸ್ಟೆಲನ್ನ ಏಳನೇ ಎಂಟನೇ ಸಾಲಿಗೆ ತಳ್ಳೋದನ್ನ ಇನ್ನಾದರೂ ಬಿಡಬೇಕು. ಅದು ಮೊದಲ ಸಾಲಾಗಬೇಕು.

ಸಿಕ್ಕ ಹಾಸ್ಟೆಲು ಕಾಯಂ ಅಂತಲೂ ನೆಚ್ಚಬೇಡಿ. ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಅಂಬೇಡ್ಕರ್ ವಿದ್ಯಾರ್ಥಿ ಸಂಘದ ಐವರನ್ನ ಹಾಸ್ಟೆಲಿನಿಂದ ಹೊರಗೆ ಹಾಕಿದರು. 2016ರ ಜನವರಿಯ ಚಳಿಯಲ್ಲಿ ಅವರು ಕ್ಯಾಂಪಸ್ಸಿನಲ್ಲೇ ಗುಡಾರ ಹಾಕಿ ಅದಕ್ಕೆ ‘ವೆಲಿವಾಡ’ ಅಂತ ಹೆಸರಿಟ್ಟರು. ತೆಲುಗಿನಲ್ಲಿ ಹಾಗಂದರೆ ನಮ್ಮ ಹೊಲಗೇರಿ. ಅದೇ ತಿಂಗಳ 17ರಂದು ರೋಹಿತ್ ವೇಮುಲ ಪ್ರಾಣ ಕಳೆದುಕೊಂಡರು. ಮಲಗೋ ಜಾಗ ಕಿತ್ತುಕೊಳ್ಳೋದು ಹಳ್ಳಿಯ ಬಹಿಷ್ಕಾರದ ಪಟ್ಟಣದ ರೂಪ.

ಈ ಊರಿನಲ್ಲಿ ರೂಮು ಸಿಗದವರು ನಾವೊಬ್ಬರೇ ಅಲ್ಲ ಅನ್ನೋದನ್ನೂ ನೋಡಬೇಕು. ಮುಸ್ಲಿಮ್ ಹುಡುಗನಿಗೆ ನಮಗಿಂತ ಹೆಚ್ಚು ಬಾಗಿಲು ಮುಚ್ಚುತ್ತೆ, ಮೇಲಿನ ಲೆಕ್ಕವೇ ಹೇಳುತ್ತೆ. 2012ರ ಆಗಸ್ಟ್‌ನಲ್ಲಿ ಬರೀ ಗಾಳಿಸುದ್ದಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ರೈಲು ಹತ್ತಿದರು. ಎಲ್ಲರ ಊರು ಎರಡು ಮೂರು ದಿನದಲ್ಲಿ ಅವರ ಪಾಲಿಗೆ ಪರಊರಾಯಿತು. ಅವರ ಅಡಿಗೆಯ ವಾಸನೆ ಬಗ್ಗೆ ಮನೆಯವರು ಆಡೋ ಮಾತು ನಮಗೆ ಹೊಸದೇ? ನಮ್ಮ ಹುಡುಗರು ಕೆಲವರು ಕಷ್ಟಪಟ್ಟು ಒಂದು ಮನೆ ಹಿಡಿದ ಮೇಲೆ ‘ಸಾಬರ ಹುಡುಗ ಬೇಡಪ್ಪ, ಓನರ್ ಗಲಾಟೆ ಮಾಡ್ತಾರೆ’ ಅಂತಾರೆ. ಹಾಸ್ಟೆಲಿನ ಒಳಗೆ ಎಡಗೈಯವರ ರೂಮು, ಬಲಗೈಯವರ ರೂಮು ಅಂತ ಗೆರೆ ಎಳೆಯೋರೂ ಇದ್ದಾರೆ. ಓನರನ ಕೆಲಸವನ್ನ ಓನರನೇ ಮಾಡಲಿ, ನಾವು ಯಾಕೆ ಪುಕ್ಕಟೆ ಮಾಡಿಕೊಡಬೇಕು?

ಅಮೆರಿಕದ ಸಿಯಾಟಲ್ ನಗರಸಭೆ 2023ರ ಫೆಬ್ರವರಿಯಲ್ಲಿ ಕೆಲಸದಲ್ಲಿ, ಮನೆ ಬಾಡಿಗೆಯಲ್ಲಿ ಜಾತಿ ತಾರತಮ್ಯ ಮಾಡಬಾರದು ಅಂತ ಕಾನೂನು ಮಾಡಿತು. ಬೆಂಗಳೂರಿನಿಂದ ಅಲ್ಲಿಗೆ ಹೋದ ಇಂಜಿನಿಯರುಗಳು ಸಾಮಾನಿನ ಜೊತೆ ಜಾತಿಯನ್ನೂ ತಗೊಂಡು ಹೋದದ್ದರಿಂದ ಆ ಊರಿಗೆ ಈ ಕಾನೂನು ಬೇಕಾಯಿತು. ಸಾಮಾನು ಹೊರಟ ಊರಿನಲ್ಲಿ ಏನು ಮಾಡಬಹುದು? ಪಿಜಿಗಳು ಧರ್ಮಕ್ಕೆ ನಡೆಯೋ ಛತ್ರಗಳಲ್ಲ, ಅವು ವ್ಯಾಪಾರ. ಪಾಲಿಕೆಯಿಂದ ಲೈಸೆನ್ಸ್ ತಗೋಬೇಕು. 2024ರಲ್ಲಿ ಆಗಿನ ಬಿಬಿಎಂಪಿ, ಒಬ್ಬರಿಗೆ ಇಷ್ಟು ಚದರಡಿ ಜಾಗ, ಸಿಸಿ ಕ್ಯಾಮೆರಾ, ಅಡಿಗೆಮನೆಯ ಶುಚಿ ಅಂತ ಪಿಜಿಗಳಿಗೆ ನಿಯಮ ಹೊರಡಿಸಿತು. ಈಗ ಪಾಲಿಕೆ ಒಡೆದು ಐದಾಗಿದೆ. ಐದೂ ಪಾಲಿಕೆಗಳು ಲೈಸೆನ್ಸಿನ ಷರತ್ತಿನಲ್ಲಿ ದಪ್ಪ ಅಕ್ಷರದಲ್ಲಿ ಒಂದು ಸಾಲು ಬರೆಯಲಿ: ಜಾತಿ ಧರ್ಮ ಕೇಳಿ ಹಾಸಿಗೆ ಇಲ್ಲ ಅಂದರೆ ಲೈಸೆನ್ಸ್ ರದ್ದು. ಇದಕ್ಕೆ ಹೊಸ ಕಾನೂನಿನ ಅಗತ್ಯವೂ ಇಲ್ಲ. ಹೊಸ ಹಾಸ್ಟೆಲುಗಳನ್ನ ನೈಸ್ ರಸ್ತೆಯ ಆಚೆ ಎಲ್ಲೋ ಕಟ್ಟದೆ ಕಾಲೇಜುಗಳ ಹತ್ತಿರ ಕಟ್ಟಲಿ. ಜಾಗ ಸಿಗೋತನಕ ಬಾಡಿಗೆ ಕಟ್ಟಡ ಹಿಡಿಯಲಿ. ಸರ್ಕಾರಕ್ಕೇ ಯಾವ ಓನರನಾದರೂ ಮನೆದೇವರು ಕೇಳಿದರೆ ಆಗ ಇನ್ನೂ ಒಳ್ಳೇದು, ಕೇಸಿಗೆ ಸಾಕ್ಷಿ ಸಿಗುತ್ತೆ.

ಅಷ್ಟರಲ್ಲಿ ನಾವು ಮಾಡೋದು. ಒಬ್ಬೊಬ್ಬರೇ ರೂಮು ಕೇಳೋಕೆ ಹೋಗಬೇಡಿ, ಇಬ್ಬರು ಹೋಗಿ. ಒಬ್ಬನಿಗೆ ಇಲ್ಲ ಅಂದ ಮನೆಗೆ ಮಾರನೇ ದಿನ ಬೇರೆ ಜಾತಿಯ ಗೆಳೆಯ ಹೋಗಿ ಅದೇ ರೂಮು ಕೇಳಲಿ. ಥೋರಟ್ ಮಾಡಿದ್ದೂ ಇದನ್ನೇ, ಅವರಿಗೆ ಸಂಶೋಧನೆಯ ದುಡ್ಡಿತ್ತು, ನಮಗೆ ಕಾಲಿದೆ. ಪ್ರತಿ ಹಾಸ್ಟೆಲಿನಲ್ಲೂ ಒಂದು ನೋಟ್‌ಬುಕ್ ಇಡಿ. ತಾರೀಕು, ಬೀದಿ, ಮನೆ ನಂಬರು, ಏನು ಕೇಳಿದರು, ಏನು ಹೇಳಿ ಕಳಿಸಿದರು, ಮಾರನೇ ದಿನ ಹೋದವನಿಗೆ ಏನಂದರು, ಇಷ್ಟನ್ನ ಕೇಳಿದ ಮಾತಿನಲ್ಲೇ ಬರೆಯಿರಿ. ಬೈಗುಳ ಸೇರಿಸಬೇಡಿ. ಬುಲೆಟಿನ್ನಿನಲ್ಲಿ ಯಾರ ಹೆಸರನ್ನೂ ಹಾಕೋಲ್ಲ, ಲೆಕ್ಕ ಮಾತ್ರ ಹಾಕ್ತೀವಿ. ಗಟ್ಟಿ ಇರೋ ಐದಾರು ಪ್ರಕರಣ ಆರಿಸಿ, ವಕೀಲ ಗೆಳೆಯರನ್ನ ಜೊತೆಗಿಟ್ಟುಕೊಂಡು, 4ನೇ ಮತ್ತು 12ನೇ ಸೆಕ್ಷನ್ ಹಿಡಿದು ಠಾಣೆಗೂ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯಕ್ಕೂ ಗುಂಪಾಗಿ ಹೋಗೋಣ. ನೋಟ್‌ಬುಕ್ ತುಂಬೋತನಕ ಕಾಯಬೇಡಿ. ನಾಲ್ಕು ಪುಟ ಆಗಿದ್ದರೂ ಸಭೆಗೆ ಬಂದಾಗ ಈ ಬುಲೆಟಿನ್ ಮಾರೋ ಮೇಜಿನ ಹತ್ತಿರ ತಂದು ತೋರಿಸಿ, ಅಲ್ಲೇ ನಕಲು ಮಾಡಿಕೊಂಡು ವಾಪಸ್ಸು ಕೊಡ್ತೀವಿ.